ಬಿಚ್ಚಬಹುದಾಗಿದ್ದ ವಾದ್ಯ

ಕೀಬೋರ್ಡು ಕೆಡುವುದಕ್ಕೂ ಆಗ ಒಂದು ಕ್ರಮ ಇತ್ತು. ಮೊದಲು ಕೈಕೊಡುತ್ತಿದ್ದುದು ನಡುವಿನ ಸ್ಥಾಯಿಯ ಮನೆಗಳು. ಹಾಡುವವರ ಶ್ರುತಿ ಯಾವುದೇ ಇರಲಿ, ಬೆರಳು ಹೆಚ್ಚು ಓಡಾಡುವುದು ಅಲ್ಲೇ ತಾನೆ? ಪಂಚಮ ಒತ್ತಿದರೆ ಎರಡು ಸಲಕ್ಕೆ ಒಂದು ಸಲ ಮಾತ್ರ ಕೇಳಿಸುವುದು. ಕೆಲವು ವಾರ ಬಿಟ್ಟು ಅದೇ ಮನೆ ಮೆಲ್ಲಗೆ ಮುಟ್ಟಿದರೂ ಕಿರುಚುವುದು. ಆಮೇಲೆ ವಾಲ್ಯೂಮ್ ಸ್ಲೈಡರ್ ಕರಕರ ಅನ್ನುವುದು, ಡಿಸ್‌ಪ್ಲೇ ಮಂಕಾಗುವುದು, ಅಡಾಪ್ಟರಿನ ವೈರನ್ನು ಒಂದು ಓರೆಯಲ್ಲಿ ಹಿಡಿದರೆ ಮಾತ್ರ ದೀಪ ಹತ್ತುವುದು. ಮುದುಕರ ಹಲ್ಲು ಒಂದೊಂದಾಗಿ ಬೀಳುವ ಹಾಗೆ ಕೀಬೋರ್ಡು ಮುಪ್ಪಾಗುತ್ತಿತ್ತು. ಅಷ್ಟಾದರೂ ಆರ್ಕೆಸ್ಟ್ರಾದವರು ಅದನ್ನೇ ಹೊತ್ತುಕೊಂಡು ಹೋಗಿ ಇನ್ನೊಂದು ಗಣೇಶನ ಸೀಸನ್ ಮುಗಿಸುತ್ತಿದ್ದರು. ಟ್ರಾನ್ಸ್‌ಪೋಸ್ ಗುಂಡಿ ಒತ್ತಿ, ಸತ್ತ ಮನೆಯು ಹಾಡಿನಲ್ಲಿ ಬಾರದ ಸ್ವರದ ಮೇಲೆ ಬೀಳುವಂತೆ ಜರುಗಿಸಿಕೊಂಡು ರಾತ್ರಿಯಿಡೀ ನುಡಿಸಿದವರನ್ನು ನಾನು ಬಲ್ಲೆ. ಕೆಳಗೆ ಕುಳಿತ ಜನಕ್ಕೆ ಒಂದು ಚೂರೂ ಗೊತ್ತಾಗುತ್ತಿರಲಿಲ್ಲ.

ಈಗಿನ ಕೀಬೋರ್ಡಿಗೆ ಕಾಯಿಲೆ ಬರುವುದೇ ಇಲ್ಲ. ಅದು ಚೆನ್ನಾಗಿರುತ್ತದೆ, ಇಲ್ಲವೇ ಸತ್ತಿರುತ್ತದೆ. ನಡುವಿನ ಆ ದೀರ್ಘ ಅವಸ್ಥೆ, ಅಂದರೆ ಸ್ವಲ್ಪ ಕೆಟ್ಟು, ಸ್ವಲ್ಪ ಸರಿಯಾಗಿ, ಮತ್ತೆ ಸ್ವಲ್ಪ ಕೆಡುತ್ತ ಇಪ್ಪತ್ತು ಮೂವತ್ತು ವರ್ಷ ನಡೆಯುತ್ತಿದ್ದ ಬಾಳು ಹೋಗಿಬಿಟ್ಟಿದೆ.

ಹಳೆಯ ಸಿಂಥಸೈಜರುಗಳ ನಾದ ಹೋಯಿತೆಂದು ನಾನು ಕೊರಗುತ್ತಿಲ್ಲ. ನಾದಕ್ಕೆ ಯಾವ ಕೊರತೆಯೂ ಆಗಿಲ್ಲ. 1983ರ ಯಮಾಹಾ ಡಿಎಕ್ಸ್7ರ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೊ, 1987ರ ರೋಲ್ಯಾಂಡ್ ಡಿ-50ಯ ಉಸಿರು ಬೆರೆತ ಕೊಳಲು, 1988ರ ಕೋರ್ಗ್ ಎಂ1ರ ಪಿಯಾನೊ ಎಲ್ಲವೂ ಇವತ್ತು ಮೊಬೈಲಿನಲ್ಲೇ ಸಿಗುತ್ತವೆ. ಮರೆಯಾಗುತ್ತಿರುವುದು ಪೆಟ್ಟಿಗೆಯನ್ನು ಬಿಚ್ಚಿ, ಕೆಟ್ಟದ್ದನ್ನು ಹುಡುಕಿ, ಅದೊಂದನ್ನೇ ತೆಗೆದು ಬೇರೆ ಹಾಕಿ, ಮತ್ತೆ ಮುಚ್ಚುವ ಅವಕಾಶ. ಅದರ ಜೊತೆಗೆ ಆ ಕೆಲಸ ಬಲ್ಲವರು.

ನಮಗೆ ಅಂಥವರೊಬ್ಬರಿದ್ದರು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಂದಿಯಲ್ಲಿ ಮೆಟ್ಟಿಲು ಹತ್ತಿ ಹೋದರೆ ಅವರ ಕೋಣೆ. ಹಿಂದೆ ಐಟಿಐಯಲ್ಲಿ ರೇಡಿಯೊ-ಟಿವಿ ಪಾಠ ಹೇಳಿದವರಾದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರೇ. ವಾಲ್ವ್ ರೇಡಿಯೊದಿಂದ ಶುರುಮಾಡಿ ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್, ಬ್ಲ್ಯಾಕ್ ಅಂಡ್ ವೈಟ್ ಟಿವಿ, ಕಲರ್ ಟಿವಿ ಎಲ್ಲವನ್ನೂ ದಾಟಿ ಬಂದವರಿಗೆ ಕೀಬೋರ್ಡು ಕೊನೆಗಾಲದ ಗಿರಾಕಿ. ಸಂಗೀತ ಗೊತ್ತಿರಲಿಲ್ಲ. ‘ಸ’ ಯಾವುದು ಎಂದು ಕೇಳಿದರೆ ನಗುತ್ತಿದ್ದರು. ಆದರೆ ಕೀಬೋರ್ಡನ್ನು ಮೇಜಿನ ಮೇಲಿಟ್ಟ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಸ್ಕ್ರೂಡ್ರೈವರ್ ಹುಡುಕುವುದಲ್ಲ. ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಯವರೆಗೆ ಕರಿ-ಬಿಳಿ ಬಿಡದೆ ಒಂದೊಂದೇ ಮನೆ ಒತ್ತಿಕೊಂಡು ಹೋಗುವುದು. ಸತ್ತ ಮನೆ ಬಂದಾಗ ಚೀಟಿಯಲ್ಲಿ ಒಂದು ಗೀಟು. ಗೀಟುಗಳ ನಡುವಿನ ಅಂತರ ನೋಡಿದರೆ ರೋಗ ಅರ್ಧ ಗೊತ್ತಾದಂತೆ.

ಅದು ಹೇಗೆಂದರೆ, ಅರವತ್ತೊಂದು ಮನೆಯ ಕೀಬೋರ್ಡಿನಲ್ಲಿ ಪ್ರತಿ ಮನೆಗೂ ಬೇರೆ ಬೇರೆ ವೈರು ಎಳೆದಿರುವುದಿಲ್ಲ. ಅಡ್ಡಗೆರೆ, ಉದ್ದಗೆರೆ ಹಾಕಿ ಚೌಕುಳಿ ಮಾಡಿರುತ್ತಾರೆ. ಒಳಗಿನ ಚಿಪ್ಪು ಒಂದೊಂದೇ ಗೆರೆಯನ್ನು ಬಿಡುವಿಲ್ಲದೆ ವಿಚಾರಿಸಿಕೊಳ್ಳುತ್ತ ಯಾವ ಮನೆ ಒತ್ತಿದೆ ಎಂದು ತಿಳಿದುಕೊಳ್ಳುತ್ತದೆ. ಎಲ್ಲೋ ಒಂದು ಮನೆ ಮಾತ್ರ ಸತ್ತಿದ್ದರೆ ಅದು ಕೊಳೆ ಅಥವಾ ಸವೆತ. ಪ್ರತಿ ಎಂಟನೆಯ ಮನೆ ಸತ್ತಿದ್ದರೆ ಒಂದು ಗೆರೆಯೇ ತುಂಡಾಗಿದೆ, ಇಲ್ಲವೇ ರಿಬ್ಬನ್ ಕೇಬಲ್ ಸಡಿಲವಾಗಿದೆ. ಅಕ್ಕಪಕ್ಕದ ಒಂದು ಗುಂಪು ಒಟ್ಟಿಗೆ ಸತ್ತಿದ್ದರೆ ಇನ್ನೊಂದು ದಿಕ್ಕಿನ ಗೆರೆ. ಇಷ್ಟನ್ನೂ ಅವರು ಒಂದು ಸ್ಕ್ರೂ ಬಿಚ್ಚದೆ ಹೇಳುತ್ತಿದ್ದರು.

ಬಿಚ್ಚುವುದೂ ನೋಡುವಂತಿತ್ತು. ಹಳೆಯ ರಟ್ಟೊಂದರ ಮೇಲೆ ಕೀಬೋರ್ಡಿನ ತಳದ ಚಿತ್ರ ಬರೆದುಕೊಂಡು, ಯಾವ ತೂತಿನಿಂದ ತೆಗೆದ ಸ್ಕ್ರೂ ಅದೇ ಜಾಗದಲ್ಲಿ ಚುಚ್ಚಿಡುತ್ತಿದ್ದರು. ಉದ್ದದ ಸ್ಕ್ರೂ ಗಿಡ್ಡನೆಯದರ ಜಾಗಕ್ಕೆ ಹೋದರೆ ಮೇಲಿನ ಪ್ಯಾನೆಲ್ಲನ್ನು ತೂರಿಕೊಂಡು ಬರುತ್ತದೆ. ತಳ ತೆಗೆದ ಮೇಲೆ ಒಳಗಿನ ಸಂಪತ್ತು: ಧೂಳು, ಮಂಡಕ್ಕಿ, ಊದುಕಡ್ಡಿಯ ಬೂದಿ, ಹಲ್ಲಿಯ ಮೊಟ್ಟೆಯ ಚಿಪ್ಪು, ಎಂದೋ ಕಳೆದಿದ್ದ ಎಂಟಾಣೆ. ಆಯುಧಪೂಜೆ ಕಳೆದ ವಾರ ಬಂದ ಕೀಬೋರ್ಡುಗಳಲ್ಲಂತೂ ಅರಿಶಿನ-ಕುಂಕುಮ ಖಂಡಿತ. ಭಕ್ತಿಯಿಂದ ಇಟ್ಟ ಕುಂಕುಮ ಸ್ಲೈಡರಿನ ಸಂದಿಯಲ್ಲಿ ಇಳಿದು ಕಾರ್ಬನ್ ಪಟ್ಟಿಯನ್ನು ಕೆರೆಯುತ್ತಿತ್ತು. “ದೇವರಿಗೆ ಕೈಮುಗೀರಪ್ಪ, ಬೇಡ ಅನ್ನಲ್ಲ. ಪುಡಿ ಮಾತ್ರ ಮೇಲಿಂದ ಹಾಕ್ಬೇಡಿ, ಪಕ್ಕಕ್ಕೆ ಒಂದು ಬೊಟ್ಟು ಇಡಿ” ಎಂದು ಅವರು ಪ್ರತಿ ಸಲ ಹೇಳುವುದು, ನಾವು ಪ್ರತಿ ಸಲ ತಲೆಯಾಡಿಸುವುದು.

ಮನೆಗಳ ಸಾಲನ್ನು ಎತ್ತಿದರೆ ಕೆಳಗೆ ಉದ್ದಕ್ಕೆ ರಬ್ಬರಿನ ಪಟ್ಟಿ. ಪ್ರತಿ ಮನೆಗೂ ಒಂದೊಂದು ಉಬ್ಬು, ಉಬ್ಬಿನ ಹೊಟ್ಟೆಯಲ್ಲಿ ಎರಡು ಕರಿಯ ಕಾರ್ಬನ್ ಬಿಲ್ಲೆ. ಮನೆ ಒತ್ತಿದಾಗ ಒಂದು ಬಿಲ್ಲೆ ಮೊದಲು ಬೋರ್ಡಿಗೆ ತಾಗುತ್ತದೆ, ಇನ್ನೊಂದು ಕೂದಲೆಳೆಯಷ್ಟು ತಡವಾಗಿ. ಈ ಎರಡರ ನಡುವಿನ ಹೊತ್ತನ್ನು ಯಂತ್ರ ಅಳೆಯುತ್ತದೆ. ಹೊತ್ತು ಕಡಿಮೆಯಾದರೆ ಜೋರಾಗಿ ಹೊಡೆದಿದ್ದೀರಿ, ಹೆಚ್ಚಾದರೆ ಮೆಲ್ಲಗೆ ಒತ್ತಿದ್ದೀರಿ ಎಂದು ಲೆಕ್ಕ. ಅಂದರೆ ಈ ಬಿಲ್ಲೆಗಳಿಗೆ ನಮ್ಮ ಬೆರಳಿನ ಭಾರ ತಿಳಿಯುವುದೇ ಇಲ್ಲ, ವೇಗ ಮಾತ್ರ ತಿಳಿಯುತ್ತದೆ. ಮೊದಲ ಬಿಲ್ಲೆಗೆ ಕೊಳೆ ಹಿಡಿದು ಅದು ತಡವಾಗಿ ತಾಗಿದರೆ ನಡುವಿನ ಹೊತ್ತು ಕುಗ್ಗುತ್ತದೆ. ಮೆಲ್ಲಗೆ ಮುಟ್ಟಿದರೂ ಸ್ವರ ಕಿರುಚುವುದು ಅದಕ್ಕೇ. ಕಡ್ಡಿಗೆ ಹತ್ತಿ ಸುತ್ತಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿದರೆ ಹತ್ತರಲ್ಲಿ ಎಂಟು ಮನೆ ಎದ್ದು ಕೂರುತ್ತಿದ್ದವು. ಕಾರ್ಬನ್ನೇ ಸವೆದಿದ್ದರೆ 6ಬಿ ಪೆನ್ಸಿಲ್ಲಿನಿಂದ ಉಜ್ಜಿ ಒಂದೆರಡು ಕಾರ್ಯಕ್ರಮ ದಾಟಿಸುವುದು. ಅದೂ ಆಗದಿದ್ದರೆ ಹಳೆಯ ಟಿವಿ ರಿಮೋಟಿನ ರಬ್ಬರಿನಿಂದ ಬಿಲ್ಲೆ ಕತ್ತರಿಸಿ ಅಂಟಿಸುವುದು. ಮೇಷ್ಟ್ರ ಮೇಜಿನ ಖಾನೆಯಲ್ಲಿ ರಿಮೋಟುಗಳ ರಾಶಿಯೇ ಇತ್ತು.

ಈ ಎಲ್ಲ ಕಸುಬಿಗೆ ಕಾರಣ ನಮ್ಮ ಜಾಣತನಕ್ಕಿಂತ ಹೆಚ್ಚಾಗಿ ನಮ್ಮ ಬಡತನ. ಎಂಬತ್ತರ ದಶಕದಲ್ಲಿ ವಿದೇಶಿ ಕೀಬೋರ್ಡು ಅಂದರೆ ಆಮದು ಸುಂಕದ ಭಾರ. ಗಲ್ಫಿನಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಚಿಕ್ಕವು ಬರುತ್ತಿದ್ದವು, ಮದರಾಸಿನ ಬರ್ಮಾ ಬಜಾರಿನಲ್ಲಿ ಕೆಲವು ಸಿಗುತ್ತಿದ್ದವು. ಕಂಪನಿಯ ಸರ್ವಿಸ್ ಎಂಬುದು ಇರಲಿಲ್ಲ. ನೂರು ವೋಲ್ಟಿನ ಜಪಾನಿ ಯಂತ್ರವನ್ನು ಸೀದಾ ನಮ್ಮ 230 ವೋಲ್ಟಿಗೆ ಚುಚ್ಚಿ ಹೊಗೆ ಎಬ್ಬಿಸಿದವರು ಎಷ್ಟೋ ಮಂದಿ. ಹಾಗೆ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಯಲ್ಲೇ ತಾಮ್ರದ ತಂತಿ ಸುತ್ತಿಸಿಕೊಂಡು ಬರಬಹುದಿತ್ತು. ತಂತಿ ಎಂಬುದು ಎಲ್ಲ ಊರಿನಲ್ಲೂ ತಂತಿಯೇ. ಅಡಾಪ್ಟರಿನದು ಇನ್ನೊಂದು ಗೋಳು. ಹಳೆಯ ಕ್ಯಾಸಿಯೋಗಳಿಗೆ ಸಾಮಾನ್ಯವಾಗಿ 9 ವೋಲ್ಟ್, ಪಿನ್ನಿನ ಒಳಗೆ ಮೈನಸ್. ಯಮಾಹಾಗಳಿಗೆ 12 ವೋಲ್ಟ್, ಒಳಗೆ ಪ್ಲಸ್. ಪೆಂಡಾಲಿನ ಹಿಂದಿನ ಕತ್ತಲಲ್ಲಿ ಒಬ್ಬರದನ್ನು ಇನ್ನೊಬ್ಬರು ಚುಚ್ಚಿದರೆ ಮುಗಿಯಿತು. ಆದರೂ ಬಲಿಯಾಗುತ್ತಿದ್ದುದು ಹೆಚ್ಚಾಗಿ ಒಂದು ಡಯೋಡೋ ಒಂದು ರೆಗ್ಯುಲೇಟರೋ. ಎಸ್.ಪಿ. ರೋಡಿನಲ್ಲಿ ಅದಕ್ಕೆ ಕೊಡುತ್ತಿದ್ದ ದುಡ್ಡಿಗಿಂತ ಬಸ್ ಚಾರ್ಜೇ ಹೆಚ್ಚು.

ಈ ಯಂತ್ರಗಳನ್ನು ಮಾಡಿದವರೂ ಒಂದು ಕಾಲಕ್ಕೆ ಇಂಥ ಬೆಂಚಿನ ಮುಂದೆ ಕುಳಿತವರೇ. ರೋಲ್ಯಾಂಡ್ ಕಂಪನಿಯನ್ನು 1972ರಲ್ಲಿ ಕಟ್ಟಿದ ಇಕುತಾರೊ ಕಾಕೆಹಾಶಿ ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಆಮೇಲೆ ರೇಡಿಯೊ ರಿಪೇರಿ, ಅದಾದ ಮೇಲೆ ಒಸಾಕಾದಲ್ಲಿ ಎಲೆಕ್ಟ್ರಾನಿಕ್ ಅಂಗಡಿ, ಅಲ್ಲಿಂದ ಆರ್ಗನ್, ರಿದಮ್ ಬಾಕ್ಸು. ಆ ಕಾಲದ ಸರ್ವಿಸ್ ಮ್ಯಾನ್ಯುಯಲ್ ನೋಡಿದರೆ ಆ ಕೈಯ ಗುರುತು ಕಾಣುತ್ತದೆ. ಇಡೀ ಸರ್ಕ್ಯೂಟಿನ ನಕ್ಷೆ, ಬಿಡಿಭಾಗಗಳ ನಂಬರು, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಯಾವ ತಿರುಪನ್ನು ಎಷ್ಟು ತಿರುಗಿಸಿದರೆ ಶ್ರುತಿ ಕೂಡುತ್ತದೆ ಎಲ್ಲವೂ ಬರೆದಿತ್ತು. ಓದುವವನು ಇನ್ನೊಬ್ಬ ಮೆಕ್ಯಾನಿಕ್ ಎಂದು ನಂಬಿ ಬರೆದ ಪುಸ್ತಕ ಅದು. ಮೇಷ್ಟ್ರ ಹತ್ತಿರ ಅಂಥವುಗಳ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು, ಅಕ್ಷರ ಕಾಣದಷ್ಟು ಮಾಸಿದವು, ಒಂದು ಟ್ರಂಕಿನ ತುಂಬ ಇದ್ದವು.

ಹಳೆಯದೆಲ್ಲ ಚಿನ್ನ ಎಂದು ಹೇಳಿದರೆ ಸುಳ್ಳಾದೀತು. ಆ ಕಂಪನಿಗಳು ಯಂತ್ರ ನಲವತ್ತು ವರ್ಷ ಬಾಳಲಿ ಎಂದು ಮಾಡಿದ್ದಲ್ಲ. ಕೆಲವು ತಪ್ಪುಗಳಂತೂ ಹುಟ್ಟಿನಿಂದಲೇ ಬಂದವು. ತೊಂಬತ್ತರ ಸುಮಾರಿನ ಕೆಲವು ರೋಲ್ಯಾಂಡ್ ಕೀಬೋರ್ಡುಗಳಲ್ಲಿ ಮನೆಗಳ ಕೆಳಗೆ ತೂಕದ ತುಂಡು ಅಂಟಿಸಲು ಕೆಂಪು ಅಂಟು ಬಳಸಿದರು. ವರ್ಷಗಳು ಕಳೆದಂತೆ ಆ ಅಂಟು ಕರಗಿ ಪಾಕವಾಗಿ ಇಳಿದು, ರಬ್ಬರು, ಬೋರ್ಡು ಎಲ್ಲವನ್ನೂ ಮೆತ್ತಿಕೊಂಡಿತು. ಒಂದೊಂದೇ ಮನೆ ಬಿಡಿಸಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಹಾಕುವುದು ಅದಕ್ಕೆ ಮದ್ದು. 1981ರ ಕೋರ್ಗ್ ಪಾಲಿಸಿಕ್ಸಿನಲ್ಲಿ ನೆನಪು ಉಳಿಸಲೆಂದು ಇಟ್ಟ ಬ್ಯಾಟರಿಯೇ ಸೋರಿ ಅಡಿಯ ಬೋರ್ಡಿನ ತಾಮ್ರವನ್ನು ತಿಂದುಹಾಕುತ್ತಿತ್ತು. ಡಿಎಕ್ಸ್7, ಎಂ1ಗಳಲ್ಲಿ ಅಂಥ ಸೋರಿಕೆ ಇಲ್ಲ. ಅಲ್ಲಿರುವುದು ಎಲ್ಲ ಅಂಗಡಿಯಲ್ಲೂ ಸಿಗುವ ಸಿಆರ್2032 ಬಿಲ್ಲೆ. ಆದರೆ ಡಿಎಕ್ಸ್7ರಲ್ಲಿ ಅದನ್ನು ಬೋರ್ಡಿಗೆ ಬೆಸೆದುಬಿಟ್ಟಿದ್ದರು. ಬ್ಯಾಟರಿ ಸತ್ತ ದಿನ ನಾವು ಕೂತು ಕಟ್ಟಿದ ಟೋನುಗಳೆಲ್ಲ ಅಳಿಸಿಹೋಗುತ್ತವೆ. ತಿಳಿದವರು ಹಳೆಯದನ್ನು ಕಿತ್ತು, ಆ ಜಾಗದಲ್ಲಿ ಹೋಲ್ಡರ್ ಬೆಸೆದು, ಅದರೊಳಗೆ ಹೊಸದನ್ನು ಕೂರಿಸುತ್ತಾರೆ. ಮುಂದಿನ ಸಲ ಬೆಸುಗೆಯ ತಂಟೆಯೇ ಇಲ್ಲ. ಇದು ಕಾರ್ಖಾನೆಯವರಿಗೆ ಹೊಳೆಯದ ವಿಷಯವೇನಲ್ಲ, ನಾಲ್ಕು ಕಾಸು ಉಳಿಸಿದ್ದು ಅಷ್ಟೆ.

ಎಲ್ಲಕ್ಕಿಂತ ನನಗೆ ಇಷ್ಟವಾದ ಕಾಯಿಲೆ 1984ರ ರೋಲ್ಯಾಂಡ್ ಜುನೊ-106ರದು. ಆ ಯಂತ್ರ ಒಮ್ಮೆಗೆ ಆರು ಸ್ವರ ನುಡಿಸಬಲ್ಲದು. ಆರು ಸ್ವರಕ್ಕೆ ಆರು ಪುಟ್ಟ ಮಾಡ್ಯೂಲು, ಹೆಸರು 80017ಎ. ಪ್ರತಿಯೊಂದರಲ್ಲೂ ಆ ಸ್ವರದ ಫಿಲ್ಟರು, ಅದರ ಏರಿಳಿತ. ಧೂಳು-ತೇವ ತಾಗದಿರಲಿ ಎಂದೋ ಏನೋ ಅವುಗಳಿಗೆ ಕರಿಯ ರಾಳದ ಲೇಪ ಹಚ್ಚಿದ್ದರು. ದಶಕಗಳು ಕಳೆದಂತೆ ಕಾಪಾಡಬೇಕಾದ ಲೇಪವೇ ವಿದ್ಯುತ್ತನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸೋರಿಸತೊಡಗಿತು. ಒಂದು ಮಾಡ್ಯೂಲು ಹಾಳಾದರೆ ಆಗುವುದೇನು? ಯಂತ್ರ ಸ್ವರಗಳನ್ನು ಸರದಿಯ ಮೇಲೆ ಹಂಚುವುದರಿಂದ ಕೆಟ್ಟಿರುವುದು ಯಾವ ಮನೆಯೂ ಅಲ್ಲ, ಸರದಿಯಲ್ಲಿ ಒಂದು. ಒಂದೇ ಮನೆಯನ್ನು ಮತ್ತೆ ಮತ್ತೆ ಒತ್ತಿದರೂ ಐದು ಸಲ ಸರಿಯಾಗಿ ನುಡಿದು ಆರನೆಯ ಸಲ ಗೊರಗೊರ ಅನ್ನುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ನುಡಿಸುವವನಿಗೆ ಮೊದಲು ತನ್ನ ಕೈಯ ಮೇಲೇ ಅನುಮಾನ.

ಇದಕ್ಕೆ ಯಂತ್ರದಲ್ಲೇ ಒಂದು ಉಪಾಯ ಇಟ್ಟಿದ್ದರು. ಕೀ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ ಹಿಡಿದು ಪವರ್ ಆನ್ ಮಾಡಿದರೆ ಅದು ಪರೀಕ್ಷೆಯ ಸ್ಥಿತಿಗೆ ಹೋಗುತ್ತದೆ. ಆಗ ಪ್ರತಿ ಮನೆ ಒತ್ತಿದಾಗಲೂ ಈಗ ನುಡಿಯುತ್ತಿರುವುದು ಎಷ್ಟನೆಯ ಸ್ವರ ಎಂದು ನಂಬರು ತೋರಿಸುತ್ತದೆ. ಯಂತ್ರ ತಾನೇ ನೋವಿರುವ ಜಾಗ ತೋರಿಸಿದ ಹಾಗಾಯಿತು. ಆ ಮಾಡ್ಯೂಲನ್ನು ಬೋರ್ಡಿನಿಂದ ಬಿಡಿಸಿ ಅಸಿಟೋನಿನಲ್ಲಿ ಮುಳುಗಿಸಿಡಬೇಕು. ಲೇಪ ಮೆತ್ತಗಾಗಿ ಉಬ್ಬಿ ಸಿಪ್ಪೆಯಂತೆ ಏಳುತ್ತದೆ. ಅವಸರ ಮಾಡಿ ಚಾಕು ಹಾಕಿದರೆ ಒಳಗಿನ ಸಣ್ಣ ಬಿಡಿಭಾಗ ಕಿತ್ತುಕೊಂಡು ಬರುತ್ತದೆ, ಆದ್ದರಿಂದ ಮೆತ್ತನೆಯ ಬ್ರಷ್ಷು, ಮತ್ತೆ ಹೊಸ ಅಸಿಟೋನ್, ಮತ್ತೆ ಕಾಯುವುದು. ಬೆತ್ತಲೆಯಾದ ಮಾಡ್ಯೂಲನ್ನು ಒಣಗಿಸಿ ಮರಳಿ ಬೆಸೆದರೆ ಬಹಳ ಸಲ ಅದು ಏನೂ ಆಗಿಲ್ಲವೆಂಬಂತೆ ನುಡಿಯುತ್ತದೆ. ಈ ಮದ್ದು ಕಂಪನಿಯ ಯಾವ ಪುಸ್ತಕದಲ್ಲೂ ಇರಲಿಲ್ಲ. ದೇಶದೇಶದ ರಿಪೇರಿಯವರು ಮಾಡಿ ನೋಡಿ ಒಬ್ಬರಿಗೊಬ್ಬರು ದಾಟಿಸಿದ್ದು. ಕೆಲವರು ಅಂಥದೇ ಮಾಡ್ಯೂಲನ್ನು ಹೊಸದಾಗಿ ಮಾಡಿಯೂ ಮಾರುತ್ತಾರೆ. 1978ರ ಪ್ರಾಫೆಟ್-5 ಸಿಂಥಸೈಜರಿನ ನಂತರದ ಆವೃತ್ತಿಗಳಲ್ಲಿದ್ದ ಸಿಇಎಂ3340 ಚಿಪ್ಪಿನ ಕತೆಯೂ ಹಾಗೇ. ತಯಾರಿಕೆ ನಿಂತು ಎಷ್ಟೋ ವರ್ಷವಾದ ಮೇಲೆ, ಬೇಕು ಬೇಕು ಎನ್ನುವವರ ಕಾಟಕ್ಕೆ 2016ರಲ್ಲಿ ಅದು ಮತ್ತೆ ಮಾರುಕಟ್ಟೆಗೆ ಬಂತು.

ಕೀಬೋರ್ಡಿನ ಬಗ್ಗೆ ನಾವು ಹೀಗೆ ಹಲುಬುವಾಗ ಪಿಟೀಲಿನವರು ನಕ್ಕರೆ ತಪ್ಪೇನಿಲ್ಲ. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ದ ಹಾಡುಗಳು ಊರೂರಿನ ಮೈಕಿನಲ್ಲಿ ಮೊಳಗಿದ ಮೇಲೆ ಕೀಬೋರ್ಡು ಇಲ್ಲದ ಆರ್ಕೆಸ್ಟ್ರಾವನ್ನು ಯಾರೂ ಕರೆಯುತ್ತಿರಲಿಲ್ಲ. ಕೊಳಲಿನವರ, ಅಕಾರ್ಡಿಯನ್ನಿನವರ, ಸಾಲಾಗಿ ಕೂರುತ್ತಿದ್ದ ಪಿಟೀಲಿನವರ ಸಂಭಾವನೆಯೆಲ್ಲ ಒಬ್ಬ ಕೀಬೋರ್ಡಿನವನ ಜೇಬಿಗೆ ಬಂತು. ನಾನೂ ಆ ದುಡ್ಡು ಎಣಿಸಿಕೊಂಡವನೇ. ಕಂಪನಿ ನಾಟಕದ ಕಾಲ್ಪೇಟಿ ನುಡಿಸುತ್ತಿದ್ದ ಹಿರಿಯರೊಬ್ಬರು ನನ್ನ ವಾದ್ಯ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದರ ರೀಡು ಎಲ್ಲೈತಿ?” ಅವರ ಪೇಟಿಯ ಒಂದು ರೀಡು ಅಪಸ್ವರವಾದರೆ ಕಿತ್ತು, ಕಾನಸಿನಿಂದ ತುಸು ಕೆರೆದು, ಮತ್ತೆ ಕೂರಿಸಿದರೆ ಆಯಿತು. ಅಮೆರಿಕದಲ್ಲಿ 1935ರಿಂದ ಬಂದ ಹ್ಯಾಮಂಡ್ ಆರ್ಗನ್ ಕೂಡ ಇದೇ ಜಾತಿಯದು. ಒಳಗೆ ತಿರುಗುವ ಚಕ್ರಗಳು, ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟರೆ ಇವತ್ತಿಗೂ ನುಡಿಯುತ್ತವೆ. ಪೇಟಿಯವರ ಲೆಕ್ಕದಲ್ಲಿ ನಮ್ಮ ಕೀಬೋರ್ಡೇ ಬಳಸಿ ಬಿಸಾಡುವ ಸಾಮಾನು. ಅವರ ಪ್ರಶ್ನೆಗೆ ಮೇಷ್ಟ್ರು ಬೇಕಾದರೆ ಉತ್ತರ ಕೊಡುತ್ತಿದ್ದರು. ಈಗಿನ ವಾದ್ಯದ ಬಗ್ಗೆ ಯಾರೂ ಕೊಡಲಾರರು.

ಹಾಗೆಂದು ಆ ಕಾಲದ್ದೆಲ್ಲ ಮುಗಿದುಹೋಗಿಲ್ಲ. ಹಳೆಯ ಕೀಬೋರ್ಡಿನ ಹಿಂಬದಿಯಲ್ಲಿ ಐದು ತೂತಿನ ದುಂಡನೆಯ ಸಾಕೆಟ್ ಇದೆಯಲ್ಲ, ಮಿಡಿ, ಅದು ಇನ್ನೂ ಜೀವಂತ. ಕಾಕೆಹಾಶಿಯವರೂ ಅಮೆರಿಕದ ಡೇವ್ ಸ್ಮಿತ್ತರೂ ಮುಂದಾಗಿ, ಪೈಪೋಟಿಯ ಕಂಪನಿಗಳನ್ನೆಲ್ಲ ಒಪ್ಪಿಸಿ, 1983ರಲ್ಲಿ ತಂದದ್ದು. 1983ರ ಜನವರಿಯಲ್ಲಿ ಒಂದು ವ್ಯಾಪಾರ ಮೇಳದಲ್ಲಿ ಸ್ಮಿತ್ತರ ಪ್ರಾಫೆಟ್-600ಕ್ಕೂ ಕಾಕೆಹಾಶಿಯವರ ಜುಪಿಟರ್-6ಕ್ಕೂ ವೈರು ಹಾಕಿದಾಗ ಒಂದನ್ನು ನುಡಿಸಿದರೆ ಇನ್ನೊಂದು ನುಡಿಯಿತು. ಅದಕ್ಕೆ ಯಾರಿಂದಲೂ ರಾಯಧನ ಕೇಳಲಿಲ್ಲ. ಆ ಸಾಕೆಟ್ಟಿನ ಒಳಗೆ ಒಂದು ಆಪ್ಟೊ-ಐಸೊಲೇಟರ್ ಇರುತ್ತದೆ. ಬಂದ ಸಂಕೇತ ಅದರಲ್ಲಿ ಒಂದು ಕ್ಷಣ ಬೆಳಕಾಗಿ ದಾಟಿ ಮತ್ತೆ ವಿದ್ಯುತ್ತಾಗುತ್ತದೆ. ಆದ್ದರಿಂದ ಒಂದು ಯಂತ್ರದ ಕರೆಂಟಿನ ಗಲಾಟೆ ಇನ್ನೊಂದಕ್ಕೆ ತಾಗುವುದಿಲ್ಲ. ಡೀಸೆಲ್ ಜನರೇಟರಿನ ಮೇಲೆ ನಡೆಯುತ್ತಿದ್ದ ನಮ್ಮ ಪೆಂಡಾಲುಗಳಲ್ಲಿ ಇದು ಎಷ್ಟು ಯಂತ್ರಗಳನ್ನು ಉಳಿಸಿತೋ. ನಲವತ್ತು ವರ್ಷದ ಹಿಂದಿನ ಡಿಎಕ್ಸ್7ನ್ನು ಇವತ್ತಿನ ಲ್ಯಾಪ್‌ಟಾಪಿಗೆ ಚಿಕ್ಕದೊಂದು ಪೆಟ್ಟಿಗೆಯ ಮೂಲಕ ಜೋಡಿಸಿದರೆ ಇಬ್ಬರೂ ಮಾತಾಡುತ್ತಾರೆ.

ಲ್ಯಾಪ್‌ಟಾಪಿನೊಳಗಿನ ಸಿಂಥಸೈಜರಿಗೆ ಮಾತ್ರ ಅಷ್ಟು ಆಯುಸ್ಸಿಲ್ಲ. 2019ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳ ಕಾರ್ಯಾಚರಣಾ ವ್ಯವಸ್ಥೆಯ ಹೊಸ ಆವೃತ್ತಿಯಲ್ಲಿ 32 ಬಿಟ್‌ನ ತಂತ್ರಾಂಶವನ್ನೇ ಕೈಬಿಟ್ಟಾಗ, ಹೊಸದಕ್ಕೆ ಹೊಂದಿಸದೆ ಬಿಟ್ಟಿದ್ದ ಎಷ್ಟೋ ವಾದ್ಯಗಳು ಒಂದೇ ಅಪ್‌ಡೇಟಿಗೆ ಮೂಕವಾದವು. ಸವೆದದ್ದಿಲ್ಲ, ಸುಟ್ಟದ್ದಿಲ್ಲ, ಕುಂಕುಮ ಬಿದ್ದದ್ದೂ ಇಲ್ಲ. ಯಂತ್ರದ ರೂಪದಲ್ಲಿರುವ ದೊಡ್ಡ ಕೀಬೋರ್ಡುಗಳೂ ಈಗ ಒಳಗೊಳಗೆ ಕಂಪ್ಯೂಟರೇ. 2011ರ ಕೋರ್ಗ್ ಕ್ರೋನೋಸ್ ಬಿಚ್ಚಿದರೆ ಕಾಣುವುದು ಇಂಟೆಲ್ ಆಟಮ್ ಪ್ರೊಸೆಸರಿನ ಮದರ್‌ಬೋರ್ಡು, ಎಸ್‌ಎಸ್‌ಡಿ, ಅದರ ಮೇಲೆ ಲಿನಕ್ಸ್. ಅದು ಅದ್ಭುತ ವಾದ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ರಿಪೇರಿ ಅಂದರೆ ಅದೇ ಬಗೆಯ ಹಳೆಯ ಮದರ್‌ಬೋರ್ಡು ಎಲ್ಲಿ ಮಿಕ್ಕಿದೆ ಎಂದು ಹುಡುಕುವ ಕೆಲಸ.

ಮಕ್ಕಳು ಕಲಿಯಲು ಕೊಳ್ಳುವ ಕೀಬೋರ್ಡುಗಳದು ಇನ್ನೂ ನೇರವಾದ ಕತೆ. ಮಿದುಳು, ನಾದ, ಲಯ ಎಲ್ಲವೂ ಒಂದೇ ಚಿಪ್ಪಿನಲ್ಲಿ, ಆ ಚಿಪ್ಪಿನ ಕಾಲುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಆ ಚಿಪ್ಪು ಬಿಡಿಯಾಗಿ ಸಿಗುವುದೇ ಇಲ್ಲ. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯೊಬ್ಬಳ ಕೀಬೋರ್ಡು ಇದ್ದಕ್ಕಿದ್ದಂತೆ ಆನ್ ಆಗದೆ ಹೋಯಿತು. ಸರ್ವಿಸ್ ಸೆಂಟರಿನ ಹುಡುಗ ತುಂಬ ಮರ್ಯಾದೆಯಿಂದ ನೋಡಿದ, ಅಡಾಪ್ಟರ್ ಬದಲಿಸಿ ನೋಡಿದ, ಕಂಪ್ಯೂಟರಿನಲ್ಲಿ ಏನೋ ಒತ್ತಿ “ಮೇನ್ ಬೋರ್ಡ್ ಚೇಂಜ್ ಆಗಬೇಕು ಮೇಡಂ” ಎಂದ. ಬೋರ್ಡಿನ ಬೆಲೆ, ಲೇಬರು, ತೆರಿಗೆ ಎಲ್ಲ ಸೇರಿಸಿ ಹೇಳಿದ ಮೊತ್ತಕ್ಕೆ ಇನ್ನು ಸ್ವಲ್ಪ ಹಾಕಿದರೆ ಹೊಸದೇ ಬರುತ್ತಿತ್ತು. ಅವಳ ತಾಯಿ ಅದನ್ನೇ ಮಾಡಿದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆ ಹುಡುಗನನ್ನು ಬೈಯುವುದು ನ್ಯಾಯವಲ್ಲ. ಬೋರ್ಡಿನ ಯಾವ ಮೂಲೆ ಕೆಟ್ಟಿದೆ ಎಂದು ಹುಡುಕುವ ನಕ್ಷೆಯನ್ನು ಅವನ ಕೈಗೆ ಯಾರೂ ಕೊಟ್ಟಿಲ್ಲ; ಹುಡುಕಲು ಅರ್ಧ ದಿನ ಕೂತರೆ ಅವನ ಸಂಬಳವೇ ಬೋರ್ಡಿನ ಬೆಲೆ ದಾಟುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ಎಲೆಕ್ಟ್ರಾನಿಕ್ ತಂಬೂರಿಗೂ ಬೇರೆ ಹಣೆಬರಹವೇನಿಲ್ಲ. ಸ್ವತಃ ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಅವರ ರಾಡೆಲ್ ಪೆಟ್ಟಿಗೆ ಕೆಟ್ಟರೆ ಮಾಡಿದವರ ಊರಿನಲ್ಲೇ ಕೊಟ್ಟು ಸರಿಮಾಡಿಸಿಕೊಳ್ಳಬಹುದಿತ್ತು. ಈಗ ಪಾಠಕ್ಕೆ ಬರುವವರೆಲ್ಲ ಫೋನನ್ನೇ ಮುಂದಿಟ್ಟುಕೊಂಡು ಆಪ್ ಒತ್ತುತ್ತಾರೆ, ನಡುವೆ ಯಾರದೋ ಕರೆ ಬಂದು ಶ್ರುತಿ ನಿಲ್ಲುತ್ತದೆ.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಿಭಾಗ. ಒಳ್ಳೆಯದೇ. ಟ್ರ್ಯಾಕ್ಟರಿಗೂ ಫೋನಿಗೂ ಅದರಿಂದ ಏನಾದರೂ ಆದರೆ ಕೀಬೋರ್ಡಿಗೂ ಅದರ ತುಣುಕು ದಕ್ಕೀತು. ಆದರೆ ಹಕ್ಕು ಕೊಟ್ಟ ಮಾತ್ರಕ್ಕೆ ಕೈ ಬರುವುದಿಲ್ಲವಲ್ಲ. ಬಿಡಿಭಾಗ ಸಿಕ್ಕಿತು, ನಕ್ಷೆ ಸಿಕ್ಕಿತು ಅನ್ನೋಣ, ಎಡದಿಂದ ಬಲಕ್ಕೆ ಮನೆ ಒತ್ತಿಕೊಂಡು ಹೋಗಿ ಗೀಟು ಹಾಕುವವರು ಯಾರು?

ಮೇಷ್ಟ್ರು ಹೋಗಿ ವರ್ಷಗಳಾದವು. ಅವರ ಮಗ ಅದೇ ರಸ್ತೆಯಲ್ಲಿ ಸಿಸಿಟಿವಿ ವ್ಯಾಪಾರ ಮಾಡುತ್ತಾನೆ, ಚೆನ್ನಾಗಿದ್ದಾನೆ. ಸೆಲ್ಲು, ಕೆಪಾಸಿಟರು, ರೆಸಿಸ್ಟರುಗಳ ಅಂಗಡಿಗಳು ಎಸ್.ಪಿ. ರೋಡಿನಲ್ಲಿ ಇವತ್ತಿಗೂ ಇವೆ. ಅಲ್ಲಿ ನಿಲ್ಲುವವರು ಮಾತ್ರ ಬೇರೆ. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಆರ್ಡುಯಿನೊ, ಸೆನ್ಸರು ಕೊಳ್ಳುತ್ತಾರೆ. ಅವರಲ್ಲಿ ಕೆಲವರ ಕೈ ಬೆಸುಗೆಯಲ್ಲಿ ಮೇಷ್ಟ್ರಿಗಿಂತ ಚುರುಕು. ಹೊಸದನ್ನು ಕಟ್ಟುತ್ತಾರೆ. ಇನ್ನೊಬ್ಬರು ಕಟ್ಟಿದ್ದನ್ನು ಬಿಚ್ಚಿ ಅವರು ಏನು ಯೋಚಿಸಿದ್ದರು ಎಂದು ಊಹಿಸುವ ಕೆಲಸ ಬೇರೆಯೇ, ಅದಕ್ಕೆ ಈಗ ಸಂಬಳ ಕೊಡುವವರಿಲ್ಲ. ಟ್ರಂಕಿನ ಜೆರಾಕ್ಸುಗಳನ್ನು ಮಗ ನನಗೆ ಕೊಟ್ಟ. ಅದರಲ್ಲಿ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಅಲ್ಲಲ್ಲಿ ಬರೆದ ವೋಲ್ಟೇಜುಗಳು ಕೆಲವು ಕಂಪನಿ ಅಚ್ಚು ಹಾಕಿದ್ದಕ್ಕಿಂತ ಬೇರೆ ಇವೆ. ಅಳೆದು ನೋಡಿದರೆ ಮೇಷ್ಟ್ರದೇ ಸರಿ.

ಮೊನ್ನೆ ಹಾಸನದ ಕಡೆಯಿಂದ ಒಬ್ಬ ಫೋನ್ ಮಾಡಿದ. ಅಪ್ಪ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಕೀಬೋರ್ಡು, ನಡುವಿನ ಒಂದು ಸ್ಥಾಯಿ ಪೂರ್ತಿ ಹೋಗಿದೆ, ರಬ್ಬರ್ ಪಟ್ಟಿ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದ. ಇಲ್ಲಿ ಸಿಗುವುದಿಲ್ಲ, ಹೊರದೇಶದಿಂದ ತರಿಸಬೇಕು, ಸುಂಕ ಬೇರೆ ಬೀಳುತ್ತದೆ ಎಂದೆ.

“ಅಯ್ಯೋ ಬಿಡಿ ಸರ್, ಹಂಗಾದ್ರೆ ಬೇಡ. ಇಎಂಐನಲ್ಲಿ ಹೊಸದು ತಗೊಂಡಿದ್ದೀನಿ. ಇದನ್ನ ಗುಜರಿಗೆ ಹಾಕ್ಬಿಡ್ತೀನಿ.”

“ಗುಜರಿಗೆ ಹಾಕಬೇಡ, ಬಸ್ಸಿಗೆ ಹಾಕು. ಪಾರ್ಸಲ್ ದುಡ್ಡು ನಾನು ಕೊಡ್ತೀನಿ.”

“ನಿಮಗ್ಯಾಕೆ ಸರ್ ಇದು? ಏನೂ ಕೆಲಸಕ್ಕೆ ಬರಲ್ಲ.”

ರಬ್ಬರ್ ಪಟ್ಟಿ ಹಲವು ಕೀಬೋರ್ಡುಗಳಲ್ಲಿ ಸ್ಥಾಯಿಗೊಂದರಂತೆ ಬಿಡಿಬಿಡಿಯಾಗಿರುತ್ತದೆ, ಅಳತೆಯೂ ಒಂದೇ. ಆರ್ಕೆಸ್ಟ್ರಾದವರು ತೀರಾ ಮೇಲಿನ ಸ್ಥಾಯಿಗೆ ಹೋಗುವುದು ಅಪರೂಪ. ಅವರಪ್ಪ ಅಲ್ಲಿಗೆ ಬೆರಳು ಇಟ್ಟಿರಲಿಕ್ಕಿಲ್ಲ. ಆ ಪಟ್ಟಿ ಹೊಸದರ ಹಾಗೇ ಇರುತ್ತದೆ. ಅದನ್ನು ಕಿತ್ತು ನಡುವಿಗೆ, ನಡುವಿನದನ್ನು ಮೇಲಕ್ಕೆ ಹಾಕಿದರೆ ಸಾಕು ಎಂದು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

“ಎಷ್ಟು ಸ್ಕ್ರೂ ಬಿಚ್ಚಬೇಕು ಸರ್?”